ಸೀಲ್ ಬಿದ್ದ ಅರ್ಜಿ: ಕೋವಿಡ್ ಕಾಲದಲ್ಲಿ ಪಂಚಾಯಿತಿ ಸದಸ್ಯೆಯೊಬ್ಬಳು ಕಲಿತ ಪಾಠಗಳು

ದೇವನಹಳ್ಳಿಯಿಂದ ಸೂಲಿಬೆಲೆ ಕಡೆಗೆ ಹೊರಟರೆ ನಲ್ಲೂರು ಸಿಗುತ್ತದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಹುಣಸೆ ತೋಪು ಇಲ್ಲಿಯದೇ. ಈ ಭಾಗದ ಪಂಚಾಯಿತಿಯೊಂದಕ್ಕೆ ನಾನು 2015ರಲ್ಲಿ ಆಯ್ಕೆಯಾದೆ, 2020ರ ಡಿಸೆಂಬರ್ ಚುನಾವಣೆಯಲ್ಲಿ ಮತ್ತೆ ಗೆದ್ದೆ. ನಡುವಿನ ತಿಂಗಳುಗಳಲ್ಲಿ ನಮ್ಮ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರು, ಮೊದಲ ಅಲೆ ಏರಿದ್ದೂ ಆಗಲೇ. ಎರಡನೇ ಅಲೆಯ ಹೊತ್ತಿಗೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಮಾರ್ಚ್‌ನಲ್ಲಿ ಬಜೆಟ್ ಅಧಿವೇಶನ ಮುಗಿಸಿದ ವಿಧಾನಸಭೆ ಮತ್ತೆ ಸೇರಿದ್ದು 2021ರ ಸೆಪ್ಟೆಂಬರ್ 13ಕ್ಕೆ. ಹೀಗಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ, ಮನೆಮನೆಯಲ್ಲೂ ಜ್ವರವಿದ್ದಾಗ, ಜನ ಬಾಗಿಲು ತಟ್ಟಲು ಹತ್ತಿರದಲ್ಲಿದ್ದದ್ದು ಊರಿನ ಮೆಂಬರ್ ಒಬ್ಬರೇ. ಆ ಜಾಗದಲ್ಲಿ ಮುಂದೆ ಕೂರುವವರಿಗೆ ಬೇಕಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

1. ಬಾಯಲ್ಲಿ ಹೇಳಿದ್ದನ್ನು ಅದೇ ದಿನ ಕಾಗದಕ್ಕೆ ಇಳಿಸಿ

ಆಗ ಎಲ್ಲರೂ ಫೋನ್ ಹಿಡಿದೇ ಇದ್ದೆವು. ಆ ಕಡೆಯ ಅಧಿಕಾರಿಗಳು "ಆಯ್ತಮ್ಮ, ನೋಡ್ತೀನಿ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಆ ಒಂದು ಗಂಟೆಯಲ್ಲಿ ಅವರಿಗೆ ನಮ್ಮಂಥ ಎಷ್ಟೋ ಜನ ಫೋನ್ ಮಾಡಿರುತ್ತಾರೆ, ಸಂಜೆಗೆ ಯಾವುದೂ ನೆನಪಿನಲ್ಲಿರುವುದಿಲ್ಲ. ಅರ್ಜಿ ಹಾಗಲ್ಲ. ಕಚೇರಿಯ ಸೀಲ್ ಬಿದ್ದು ದಾಖಲೆ ಸಂಖ್ಯೆ ಬಂದ ಮೇಲೆ ಅದಕ್ಕೆ ಯಾರಾದರೊಬ್ಬರು ಉತ್ತರ ಹೇಳಲೇಬೇಕು. 2021ರ ಮೇ ತಿಂಗಳಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಜಿಲ್ಲಾಧಿಕಾರಿಗಳ ಜೊತೆ ವಿಡಿಯೊ ಸಭೆ ನಡೆಸಲು ಕೇಳಿದಾಗ ಸರ್ಕಾರ ಅನುಮತಿ ಕೊಡಲಿಲ್ಲ. ಅಷ್ಟು ದೊಡ್ಡವರ ಮಾತಿಗೇ ತಡೆ ಬೀಳಬಹುದಾದರೆ ನಮ್ಮ ಫೋನ್ ಕರೆಗೆ ಏನು ಬೆಲೆ? ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮಾತ್ರ ಮೆಂಬರ್‌ಗೂ ತೆರೆದಿತ್ತು.

"ನಮ್ಮೂರಲ್ಲಿ ಜ್ವರ ಜಾಸ್ತಿ ಇದೆ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದು ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಯಾವ ಬೀದಿಯ ಎಷ್ಟು ಮನೆ, ಗಂಟಲ ದ್ರವ ಕೊಟ್ಟ ದಿನಾಂಕ, ಪ್ರತಿಯೊಬ್ಬರ ಎಸ್‌ಆರ್‌ಎಫ್ ಐಡಿ (ಪರೀಕ್ಷೆಯ ಗುರುತು ಸಂಖ್ಯೆ), ಫಲಿತಾಂಶ ಬಾರದೆ ಕಳೆದ ದಿನಗಳು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಕೊನೆಗೆ ಒಂದೇ ಒಂದು ಕೋರಿಕೆ ಇಡಿ. ಒಂದೇ ಅರ್ಜಿಯಲ್ಲಿ ಐದು ವಿಷಯ ತುಂಬಿದರೆ ಐದು ಇಲಾಖೆಯವರೂ ಅದು ಪಕ್ಕದವರದ್ದು ಅನ್ನುತ್ತಾರೆ.

2. ಊರಿನ ಲೆಕ್ಕ ಆಶಾ ಕಾರ್ಯಕರ್ತೆಯ ನೋಟ್‌ಬುಕ್‌ನಲ್ಲಿದೆ

ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಮೊನ್ನೆ ಬೆಂಗಳೂರಿನಿಂದ ಮಗನ ಮನೆ ಬಿಟ್ಟು ಬಂದರು, ಎಲ್ಲವೂ ಆ ನೋಟ್‌ಬುಕ್‌ನಲ್ಲಿರುತ್ತಿತ್ತು. ನನ್ನ ಅರ್ಜಿಗಳಿಗೆ ಬಲ ಬಂದದ್ದು ಅದರಿಂದ.

ಅಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಆಕೆಯೂ ನಮ್ಮ ಮತದಾರಳು, ಆಕೆಗೂ ಅಹವಾಲಿದೆ. 2020ರ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದ್ದರು. ಮಾಸ್ಕ್, ಕೈಗವಸು ಇಲ್ಲದೆ ಪಾಸಿಟಿವ್ ಬಂದ ಮನೆಗೆ ಹೋಗಿ ಎಂದು ಹೇಳುವ ಹಕ್ಕು ಯಾವ ಜನಪ್ರತಿನಿಧಿಗೂ ಇಲ್ಲ. ಪಂಚಾಯಿತಿಯ ಕೋವಿಡ್ ಕಾರ್ಯಪಡೆಯ ಸಭೆಯಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆ, ನೀರಗಂಟಿ, ಪೌರಕಾರ್ಮಿಕರ ಬೇಡಿಕೆಯನ್ನೇ ಮೊದಲು ತೆಗೆದುಕೊಳ್ಳಿ. ಕೊನೆಗಿಟ್ಟರೆ ಅದು ಮುಂದಿನ ಸಭೆಗೆ ಹೋಗುತ್ತದೆ.

3. ಲಸಿಕೆ ಯಾರಿಗೆ ಸಿಕ್ಕಿತು ಎಂದು ಕೇಳಿ, ಎಷ್ಟು ಬಂತು ಎಂದಷ್ಟೇ ಅಲ್ಲ

2021ರ ಜನವರಿ 12ರಂದು ರಾಜ್ಯಕ್ಕೆ ಮೊದಲ ಲಸಿಕೆ ಬಂದಿಳಿದದ್ದು ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ. ಆದರೂ ಬೇಸಿಗೆ ಬರುವಷ್ಟರಲ್ಲಿ ನಮ್ಮ ಜನಕ್ಕೆ ಅದು ದೂರವಾಯಿತು. 18ರಿಂದ 44 ವರ್ಷದವರಿಗೆ ರಾಜ್ಯದಲ್ಲಿ ಮೇ 10ಕ್ಕೆ ಶುರುವಾದ ಲಸಿಕೆ ದಾಸ್ತಾನಿಲ್ಲದೆ ಅದೇ ವಾರ ನಿಂತಿತು. ಶುರುವಿನಲ್ಲಿ ಆ ವಯಸ್ಸಿನವರು ಕೋವಿನ್‌ನಲ್ಲೇ ಸಮಯ ಕಾಯ್ದಿರಿಸಬೇಕಿತ್ತು. ನಗರದ ಹುಡುಗರು ಲ್ಯಾಪ್‌ಟಾಪ್ ಮುಂದೆ ಕೂತು 562110 ಎಂದು ಪಿನ್‌ಕೋಡ್ ಹಾಕುತ್ತಿದ್ದರು, ಸ್ಲಾಟ್ ತೆರೆದ ಕೆಲವೇ ನಿಮಿಷಗಳಲ್ಲಿ ಭರ್ತಿಯಾಗುತ್ತಿತ್ತು. ಮಾರನೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಕಾರುಗಳ ಸಾಲು, ಆಚೆ ಬದಿಯ ಮರದ ನೆರಳಲ್ಲಿ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ನಿಂತ ನಮ್ಮೂರ ಹೆಂಗಸರು.

ಜಗಳಕ್ಕೆ ಹೋಗಬೇಕು ಎಂದು ಊರಿನ ಹುಡುಗರು ಎದ್ದಿದ್ದರು. ನಾನು ಬೇಡ ಎಂದೆ. ಕಾರಿನಲ್ಲಿ ಬಂದವರದ್ದೂ ಜೀವವೇ, ಅವರಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವರೂ ಇದ್ದರು. ತಪ್ಪಿದ್ದದ್ದು ಹಂಚುವ ಕ್ರಮದಲ್ಲಿ. ಹಾಗಾಗಿ ವೈದ್ಯಾಧಿಕಾರಿಗೂ ಜಿಲ್ಲಾಡಳಿತಕ್ಕೂ ಬರೆದದ್ದು ಇಷ್ಟು: ಈ ಕೇಂದ್ರದಲ್ಲಿ ಲಸಿಕೆ ಪಡೆದವರಲ್ಲಿ ಕೇಂದ್ರದ ವ್ಯಾಪ್ತಿಯ ಹಳ್ಳಿಗಳವರು ಎಷ್ಟು ಮಂದಿ? 45 ದಾಟಿದವರು ನೇರವಾಗಿ ಬರಬಹುದು ಎಂಬ ನಿಯಮವಿದ್ದರೂ ಅವರಿಗಾಗಿ ದಿನಕ್ಕೆ ಎಷ್ಟು ಡೋಸ್ ಮೀಸಲಿಟ್ಟಿದ್ದೀರಿ? ಹಿಂದಿನ ಸಂಜೆ ಆಶಾ ಮೂಲಕ ಮನೆಗೇ ಟೋಕನ್ ಕೊಡಿಸಬಹುದೇ?

ಪ್ರಶ್ನೆ ಹೀಗಿದ್ದರೆ ಉತ್ತರ ಜಾರಿಕೊಳ್ಳುವುದಿಲ್ಲ. ಜೊತೆಗೆ ನಾವೂ ಕೇಂದ್ರದ ಕಷ್ಟ ತಿಳಿದುಕೊಂಡಿರಬೇಕು. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಡೋಸ್, ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಆರು ಜನ ಬಂದರೆ ಸಿಸ್ಟರ್ ಸೀಸೆ ತೆರೆಯಲು ಹಿಂದೆಮುಂದೆ ನೋಡುತ್ತಿದ್ದರು. ಉಳಿದ ನಾಲ್ವರನ್ನು ಕರೆತರುವುದು ಮೆಂಬರ್ ಕೆಲಸವಾಗಿತ್ತು. ಸರ್ಕಾರಿ ಕೇಂದ್ರಗಳಲ್ಲಿ 18 ದಾಟಿದವರಿಗೂ ಸ್ಥಳದಲ್ಲೇ ನೋಂದಣಿಗೆ ಕೇಂದ್ರ ಸರ್ಕಾರ ಒಪ್ಪಿದ್ದು ಮೇ 24ಕ್ಕೆ. ಮೊಬೈಲ್ ಇಲ್ಲದ ಮನೆಗಳಿಗೆ ಅಲ್ಲಿಯವರೆಗೆ ಆದ ಅನ್ಯಾಯ ಸಣ್ಣದಲ್ಲ.

4. ಬರಲ್ಲ ಅನ್ನುವವರ ಕಾರಣ ಕೇಳಿ

ಹಳ್ಳಿಗಳಲ್ಲಿ ಮನೆ ಆರೈಕೆ ಬೇಡ, ಸೋಂಕಿತರನ್ನು ಕೋವಿಡ್ ಕೇರ್ ಸೆಂಟರ್‌ಗೆ ಸೇರಿಸಿ ಎಂದು ಮೇ ತಿಂಗಳಲ್ಲಿ ಸೂಚನೆ ಬಂತು. ಸೂಚನೆಯಲ್ಲಿ ಅರ್ಥವಿತ್ತು. ಎರಡು ಕೋಣೆಯ ಮನೆಯಲ್ಲಿ ಯಾರನ್ನು ಎಲ್ಲಿ ಬೇರೆ ಇಡುವುದು? ಆದರೆ ನಮ್ಮ ಸೀಮೆಯಲ್ಲಿ ರೇಷ್ಮೆ ಇದೆ, ಹಸು ಇದೆ. ಪಾಸಿಟಿವ್ ಬಂದ ರೈತರೊಬ್ಬರು ಹುಳುಮನೆಯ ಬಾಗಿಲಲ್ಲೇ ಕೂತುಬಿಟ್ಟಿದ್ದರು. ನೂರು ಮೊಟ್ಟೆಯ ಹುಳು, ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದು ಮೂರು ದಿನವಾಗಿತ್ತು. ಒಳಗಿನಿಂದ ಸೊಪ್ಪು ಮೇಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು. "ಅಕ್ಕಾ, ಇನ್ನ ನಾಕು ದಿನಕ್ಕೆ ಹಣ್ಣಾಗ್ತವೆ. ನಾನು ಹೋಗಿ ಅಲ್ಲಿ ಮಲಗಿದ್ರೆ ಸೊಪ್ಪು ಹಾಕೋರು ಯಾರು, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋರು ಯಾರು?" ಅಂದರು. ಜೊತೆಗೆ ಬಂದಿದ್ದ ಅಧಿಕಾರಿ ಪೊಲೀಸರನ್ನು ಕರೆಸುವ ಮಾತಾಡಿದರು.

ಕರೆಸಿದ್ದರೆ ಮಾರನೆಯ ದಿನದಿಂದ ಊರಲ್ಲಿ ಒಬ್ಬರೂ ಪರೀಕ್ಷೆಗೆ ಬರುತ್ತಿರಲಿಲ್ಲ. 1898ರ ಪ್ಲೇಗಿನಲ್ಲಿ ಶ್ರೀರಂಗಪಟ್ಟಣದ ಗಂಜಾಂನ ಜನ ಸರ್ಕಾರದ ಕ್ರಮಗಳ ವಿರುದ್ಧ ದೊಂಬಿ ಎದ್ದದ್ದು ಇತಿಹಾಸದಲ್ಲಿದೆ. ಬಲವಂತ ಮಾಡಿದಲ್ಲಿ ರೋಗ ಒಳಮನೆಗೆ ಹೋಗಿ ಅಡಗುತ್ತದೆ. ಪಕ್ಕದ ಹೊಲದ ದಾಯಾದಿಗಳ ಜೊತೆ ಆ ರೈತರಿಗೆ ಮಾತು ಬಿಟ್ಟು ಹೋಗಿತ್ತು. ಆದರೂ ಕೇಳಿದಾಗ ದಾಯಾದಿಗಳ ಮಗ ಮಾಸ್ಕ್ ಹಾಕಿಕೊಂಡು ಸೊಪ್ಪು ಕೊಯ್ಯಲು ಬಂದ. ಸಂಜೆ ಆಂಬ್ಯುಲೆನ್ಸ್ ಹತ್ತಿದ ರೈತರು ಆಮ್ಲಜನಕ ಬೇಕಾಗುವ ಮೊದಲೇ ಚಿಕಿತ್ಸೆ ಪಡೆದು ವಾಪಸ್ ಬಂದರು. ಆಮೇಲೆ ಕಾರ್ಯಪಡೆಯ ಪುಸ್ತಕದಲ್ಲಿ ಸೋಂಕಿತರ ಹೆಸರಿನ ಮುಂದೆ ಒಂದು ಅಂಕಣ ಹೆಚ್ಚು ಮಾಡಿಸಿದೆ: ಮನೆಯಲ್ಲಿ ಹುಳು, ಹಸು, ಮುದುಕರು, ಮಕ್ಕಳು, ನೋಡಿಕೊಳ್ಳುವವರು ಯಾರು? ಅಂಥ ಅಂಕಣ ಮೇಲಿನ ಯಾವ ನಮೂನೆಯಲ್ಲೂ ಇರಲಿಲ್ಲ.

5. ಓಟಿಲ್ಲದವರೂ ನಿಮ್ಮ ಊರಿನವರೇ

ವಿಮಾನ ನಿಲ್ದಾಣದ ಸುತ್ತ ಕಟ್ಟಡ ಕಟ್ಟುವ ಬಿಹಾರ, ಒಡಿಶಾ, ಜಾರ್ಖಂಡ್‌ನ ಕೆಲಸಗಾರರ ಶೆಡ್‌ಗಳಿವೆ. 2020ರ ಮೇ ಮೊದಲ ವಾರ ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಮೇಲೆ ಅವರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳನ್ನು ರದ್ದು ಮಾಡಿತು, ವಿರೋಧ ಬಂದ ಮೇಲೆ ಮತ್ತೆ ಬಿಟ್ಟಿತು. ಅವರ ಪರವಾಗಿ ಕೇಳಲು ಇಲ್ಲಿ ಅವರದ್ದೊಂದು ಮತವೂ ಇರಲಿಲ್ಲ. ಶೆಡ್‌ನ ನೀರು, ರೇಷನ್, ಪರೀಕ್ಷೆಯ ವಿಷಯವನ್ನು ಸ್ಥಳೀಯ ಸದಸ್ಯರೇ ಎತ್ತಬೇಕು.

ಗುತ್ತಿಗೆಗೆ ಭೂಮಿ ಹಿಡಿದು ಸೇವಂತಿ, ಗುಲಾಬಿ ಬೆಳೆದವರದ್ದೂ ಹೆಚ್ಚುಕಮ್ಮಿ ಇದೇ ಪಾಡು. ದೇವಸ್ಥಾನ ಮುಚ್ಚಿ, ಮದುವೆ ನಿಂತು, ಹೂವು ತಿಪ್ಪೆಗೆ ಹೋಯಿತು. 2020ರಲ್ಲಿ ಹೆಕ್ಟೇರಿಗೆ 25,000, 2021ರಲ್ಲಿ 10,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ ದಾರಿ ಸುಲಭ, ಗಿಡಕ್ಕೆ ನೀರು ಕಟ್ಟಿದವರಿಗೆ ಅಲ್ಲ. ಬೆಳೆ ಸಮೀಕ್ಷೆ ನಡೆಯುವಾಗಲೇ ಹೊಲದಲ್ಲಿ ನಿಂತು ಸರಿಯಾಗಿ ಬರೆಸಬೇಕು.

6. ದುಡ್ಡಿನ ಲೆಕ್ಕ ಗೋಡೆಯ ಮೇಲಿರಲಿ

2021ರ ಮೇನಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಕೋವಿಡ್ ನಿರ್ವಹಣೆಗೆಂದು 50,000 ರೂಪಾಯಿ ಘೋಷಿಸಿದರು. ಹಲವು ಹಳ್ಳಿಗಳಿರುವ ಪಂಚಾಯಿತಿಗೆ ಇದು ಏನೂ ಸಾಲದು. ಆಕ್ಸಿಮೀಟರ್ ಎಷ್ಟು, ಸ್ಯಾನಿಟೈಸರ್ ಎಷ್ಟು, ಯಾರಿಂದ ಕೊಂಡದ್ದು ಎಂದು ಕಚೇರಿ ಗೋಡೆಗೆ ಅಂಟಿಸಿ. ಹೆಚ್ಚು ಅನುದಾನ ಕೇಳಿ ಬರೆಯುವ ಪತ್ರಕ್ಕೂ ಅದೇ ಲಗತ್ತಾಗುತ್ತದೆ.

7. ಬಂದ ಉತ್ತರ ಕಹಿಯಾದರೂ ಊರಿಗೆ ಹೇಳಿ

2021ರ ಜೂನ್ 14ರಂದು ಬೆಂಗಳೂರು ನಗರಕ್ಕೆ ಲಾಕ್‌ಡೌನ್ ಸಡಿಲಿಕೆ ಸಿಕ್ಕಿತು, ನಮ್ಮ ಬೆಂಗಳೂರು ಗ್ರಾಮಾಂತರವೂ ಸೇರಿ 11 ಜಿಲ್ಲೆಗಳಿಗೆ ಸಿಗಲಿಲ್ಲ. ಅಂಗಡಿಯವರು ನನ್ನ ಮನೆ ಮುಂದೆ ಬಂದು ನಿಂತರು. ಸೋಂಕಿನ ಪ್ರಮಾಣ ಇಳಿಯದ್ದು ಕಾರಣ ಎಂದು ಕೂತು ವಿವರಿಸಿದೆ, ಬೈಸಿಕೊಂಡೆ. ಕೋವಿಶೀಲ್ಡ್ ಎರಡನೇ ಡೋಸ್‌ನ ಅಂತರವನ್ನು 12–16 ವಾರಗಳಿಗೆ ಏರಿಸಿದಾಗಲೂ ಹಾಗೇ ಆಯಿತು. ನಾವು ಮುಖ ತಪ್ಪಿಸಿಕೊಂಡರೆ ಆ ಜಾಗವನ್ನು ವಾಟ್ಸ್‌ಆ್ಯಪ್ ವದಂತಿ ತುಂಬುತ್ತದೆ.

8. ಸಾವಿನ ಕಾಗದ ಕೈಬಿಡಬೇಡಿ

ನನ್ನನ್ನು ಇವತ್ತಿಗೂ ನೋಯಿಸುವುದು ಇದು. 2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಆದ ಸಾವುಗಳನ್ನೇ ನೋಡಿ. ಮೊದಲು ಸುದ್ದಿಯಾದದ್ದು 24, ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿದ್ದು 36. ಇಡೀ ರಾಜ್ಯ ಕಣ್ಣಿಟ್ಟಿದ್ದ ಆಸ್ಪತ್ರೆಯ ಲೆಕ್ಕವೇ ಹೀಗಾದರೆ ಹಳ್ಳಿಯ ಮನೆಯೊಳಗೆ ಉಸಿರು ನಿಂತವರನ್ನು ಎಣಿಸುವವರು ಯಾರು?

ಜೂನ್ 14ರಂದು ರಾಜ್ಯ ಸರ್ಕಾರ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಘೋಷಿಸಿತು. ಸುಪ್ರೀಂ ಕೋರ್ಟ್ ಆದೇಶದಿಂದಾಗಿ ಬಂದ 50,000 ರೂಪಾಯಿ ಬೇರೆ. ಅರ್ಜಿ ಹಾಕಲು ಹೋದಾಗ ಕೇಳಿದ್ದು ಪಾಸಿಟಿವ್ ವರದಿ, ಸೋಂಕಿತರಿಗೆ ಕೊಡುತ್ತಿದ್ದ ಪಿ ನಂಬರ್. ಅಣ್ಣನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳ ಹತ್ತಿರ ಇದ್ದದ್ದು ಸಿಟಿ ಸ್ಕ್ಯಾನ್ ಫಿಲ್ಮ್, ಔಷಧಿ ಅಂಗಡಿಯ ಚೀಟಿಗಳು. ಮರಣ ಪತ್ರ ಇತ್ತು, ಕೋವಿಡ್ ಎಂಬ ಮಾತು ಎಲ್ಲೂ ಇರಲಿಲ್ಲ. ಮೇಜಿನ ಆಚೆ ಇದ್ದವರು ಆಗಲ್ಲ ಎಂದು ಕಳಿಸಿದ್ದರು.

ಆದರೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಜಾಗವಿತ್ತು. ಪರೀಕ್ಷೆಯಾದ 30 ದಿನದೊಳಗೆ ಆದ ಸಾವು, ಅದು ಆಸ್ಪತ್ರೆಯ ಹೊರಗೆ ಆಗಿದ್ದರೂ ಲೆಕ್ಕಕ್ಕೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ವೈದ್ಯರು ತಪಾಸಣೆಯಿಂದ ಕೋವಿಡ್ ಎಂದು ನಿರ್ಧರಿಸಿದ್ದರೆ ಅದೂ ಬರುತ್ತಿತ್ತು. ಪ್ರಮಾಣಪತ್ರದ ಬಗ್ಗೆ ತಕರಾರಿದ್ದರೆ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗಬಹುದಿತ್ತು. ಆ ಸಮಿತಿಗೆ ಅರ್ಜಿ ಬರೆದು, ಸ್ಕ್ಯಾನ್ ವರದಿ, ವೈದ್ಯರ ಚೀಟಿ, ಆಶಾ ನೋಟ್‌ಬುಕ್‌ನಲ್ಲಿ ಜ್ವರ ದಾಖಲಾದ ಪುಟದ ನಕಲು ಸೇರಿಸಿ, ಆ ಹೆಣ್ಣುಮಗಳ ಜೊತೆಗೇ ಹೋಗಿ ಸೀಲ್ ಹಾಕಿಸಿದೆ. ಹೀಗೆ ಅರ್ಜಿ ಹಾಕಿದ ಕೆಲವರಿಗೆ ಪರಿಹಾರ ಬಂತು, ಕೆಲವರಿಗೆ ಬರಲಿಲ್ಲ. ಮನೆಯಲ್ಲೇ ಸತ್ತು, ಪರೀಕ್ಷೆಯೂ ಆಗದೆ, ಯಾವ ವೈದ್ಯರೂ ನೋಡದೆ ಹೋದವರಿಗೆ ಯಾವ ಅರ್ಜಿಯೂ ದಾರಿ ಮಾಡಿಕೊಡಲಿಲ್ಲ.

ಆದ್ದರಿಂದ ಮುಂದಿನ ಸಲ ಜ್ವರ ಶುರುವಾದ ವಾರವೇ ಪ್ರತಿ ಮನೆಗೂ ಹೇಳಿ: ಗಂಟಲ ದ್ರವ ಕೊಟ್ಟಾಗ ಬರುವ ಮೆಸೇಜ್ ಅಳಿಸಬೇಡಿ, ಆಸ್ಪತ್ರೆಯ ಚೀಟಿ, ಸ್ಕ್ಯಾನ್, ಬಿಲ್ಲು ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿ ರೇಷನ್ ಕಾರ್ಡ್ ಜೊತೆ ಇಡಿ. ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಿ. ದುಃಖದಲ್ಲಿರುವ ಮನೆಗೆ ಇದು ನೆನಪಾಗುವುದಿಲ್ಲ, ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ನೀವೇ ಹೋಗಿ ಕೇಳಿ.