ಒಂದು ಹೊಡೆತದ ಲೆಕ್ಕ: ಅದಿತಿ ಅಶೋಕ್ ಆಟದಿಂದ ನಾವು ಕಲಿಯಬಹುದಾದದ್ದು

ಮೂಡುಬಿದಿರೆಯ ಕಡಲಕೆರೆಯಲ್ಲೋ, ವೇಣೂರಿನಲ್ಲೋ, ಕಕ್ಯಪದವಿನಲ್ಲೋ ಕಂಬಳ ನೋಡಿದವರಿಗೆ ಗೊತ್ತು: ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ನಮಗೆ ಹೊಸದಲ್ಲ. ಗಾಲ್ಫ್ ಮಾತ್ರ ನಮ್ಮ ಕಡೆಯವರಿಗೆ ದೂರದ ಆಟ. ಮಂಗಳೂರಿನ ಹತ್ತಿರ ಪಿಲಿಕುಳದಲ್ಲಿ ಒಂದು ಗಾಲ್ಫ್ ಕೋರ್ಸ್ ಉಂಟು. ಆದರೆ ನಮ್ಮಲ್ಲಿ ಹೆಚ್ಚಿನವರು ಪಿಲಿಕುಳಕ್ಕೆ ಹೋಗೋದು ಪ್ರಾಣಿ ಸಂಗ್ರಹಾಲಯ ನೋಡಲಿಕ್ಕೆ. ಹಾಗಾಗಿ ಈ ಸಲ ಆ ಆಟವನ್ನೇ ಸ್ವಲ್ಪ ಅರ್ಥ ಮಾಡಿಕೊಳ್ಳೋಣ, ನಮ್ಮದೇ ರಾಜ್ಯದ ಒಬ್ಬ ಆಟಗಾರ್ತಿಯ ಮೂಲಕ.

ಮೊದಲು ಲೆಕ್ಕ

ಗಾಲ್ಫ್ ಕೋರ್ಸಿನಲ್ಲಿ 18 ಗುಳಿಗಳು. ಪ್ರತಿ ಗುಳಿಗೂ ಇಷ್ಟು ಹೊಡೆತದಲ್ಲಿ ಚೆಂಡು ಬೀಳಬೇಕು ಅಂತ ಒಂದು ಸಂಖ್ಯೆ ನಿಗದಿಯಾಗಿರುತ್ತದೆ: 3, 4 ಅಥವಾ 5. ಅದಕ್ಕೆ ‘ಪಾರ್’ ಅನ್ನುತ್ತಾರೆ. ಪಾರ್‌ಗಿಂತ ಒಂದು ಕಡಿಮೆಯಾದರೆ ‘ಬರ್ಡಿ’, ಒಂದು ಹೆಚ್ಚಾದರೆ ‘ಬೋಗಿ’. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದವರು. ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ, ನಾಲ್ಕು ಸುತ್ತು, ಒಟ್ಟು 72 ಗುಳಿಗಳ ಆಟ.

ಇಲ್ಲೊಂದು ವಿಷಯ ಗಮನಿಸಿ. ಗುಳಿಯ ಸುತ್ತ ಇರುವ ನುಣುಪು ಹುಲ್ಲಿನ ಜಾಗ ‘ಗ್ರೀನ್’. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸೋದು ‘ಪಟ್’. ಪಾರ್ ನಿಗದಿ ಮಾಡುವಾಗ ಪ್ರತಿ ಗುಳಿಗೂ ಎರಡು ಪಟ್ ಲೆಕ್ಕ ಹಿಡಿದಿರುತ್ತಾರೆ. 18 ಗುಳಿಗೆ 36. ಪಾರ್ 72ರ ಕೋರ್ಸಿನಲ್ಲಿ ಇದು ಸರಿಯಾಗಿ ಅರ್ಧ! ಇನ್ನೂರು ಗಜ ದೂರ ಹಾರಿಸಿದ ಹೊಡೆತಕ್ಕೂ ಒಂದೇ ಅಂಕ, ಎರಡು ಅಡಿ ಉರುಳಿಸಿದ ಪಟ್‌ಗೂ ಒಂದೇ ಅಂಕ. ಗುಳಿಯ ವ್ಯಾಸ 108 ಮಿಲಿಮೀಟರ್, ಚೆಂಡಿನ ವ್ಯಾಸ ಸುಮಾರು 43. ಬಲ ಎಷ್ಟೇ ಇರಲಿ, ಕೊನೆಗೆ ಚೆಂಡು ಹೋಗಬೇಕಾದ್ದು ಅಷ್ಟು ಚಿಕ್ಕ ಜಾಗಕ್ಕೆ. ಅದಿತಿಯ ಆಟ ಅರ್ಥವಾಗಲಿಕ್ಕೆ ಈ ಲೆಕ್ಕ ಬೇಕು.

ಬೆಂಗಳೂರಿನಿಂದ ಯುರೋಪಿಗೆ

ಅದಿತಿ ಅಶೋಕ್ ಹುಟ್ಟಿದ್ದು 29 ಮಾರ್ಚ್ 1998, ಬೆಂಗಳೂರಿನಲ್ಲಿ. ಐದನೇ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಂಗಳದಲ್ಲಿ ಆಟ ಶುರು. ಓದಿದ್ದು ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಲ್ಲಿ. 2011ರಲ್ಲಿ, ಹದಿಮೂರರ ಹುಡುಗಿ, ರಾಷ್ಟ್ರೀಯ ಹವ್ಯಾಸಿ ಪ್ರಶಸ್ತಿ ಗೆದ್ದಾಗಿತ್ತು.

2015ರ ಡಿಸೆಂಬರ್‌ನಲ್ಲಿ ಮೊರಾಕ್ಕೊದಲ್ಲಿ ನಡೆದ ಯುರೋಪಿಯನ್ ಟೂರಿನ ಅರ್ಹತಾ ಸ್ಪರ್ಧೆಯನ್ನು ಗೆದ್ದ ಮೊದಲ ಭಾರತೀಯಳು ಅದಿತಿ. ಮರುತಿಂಗಳೇ ವೃತ್ತಿಪರ ಆಟಗಾರ್ತಿ. ಅದೇ 2016ರಲ್ಲಿ ಶಾಲೆ ಮುಗೀತು, ರಿಯೊ ಒಲಿಂಪಿಕ್ಸ್ ಆಯ್ತು. ಅಲ್ಲಿ ಅಪ್ಪ ಅಶೋಕ್ ಅವರೇ ‘ಕ್ಯಾಡಿ’, ಅಂದರೆ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದು ಸಲಹೆ ಕೊಡುವವರು. ಮೊದಲೆರಡು ದಿನ ಚೆನ್ನಾಗಿ ಆಡಿ, ಕೊನೆಗೆ 41ನೇ ಸ್ಥಾನಕ್ಕೆ ಇಳಿದರು. ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದು, ಮಹಿಳೆಯರ ಯುರೋಪಿಯನ್ ಟೂರಿನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. ಅದರ ಬೆನ್ನಿಗೇ ಕತಾರ್ ಓಪನ್ ಕೂಡ. ಆ ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಗೌರವವೂ ಅವರಿಗೇ. 2017ರಲ್ಲಿ ಅಬುಧಾಬಿಯಲ್ಲಿ ಮೂರನೇ ಪ್ರಶಸ್ತಿ. ಅಮೆರಿಕದ ಎಲ್‌ಪಿಜಿಎ ಟೂರಿಗೆ ಕಾಲಿಟ್ಟದ್ದೂ ಅದೇ ವರ್ಷ.

ಟೋಕಿಯೊ: 269

2021ರ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅದಿತಿಯ ವಿಶ್ವ ರ‍್ಯಾಂಕಿಂಗ್ 200. ಕೆಲ ತಿಂಗಳ ಹಿಂದಷ್ಟೇ ಕೋವಿಡ್ ಬಂದು ಮೈಯ ಶಕ್ತಿ ಇಳಿದಿತ್ತು. ಮೊದಲೇ ದೂರ ಹೊಡೆಯುವವರಲ್ಲ, ಈಗ ಚೆಂಡು ಇನ್ನೂ ಹತ್ತಿರ ಬೀಳುತ್ತಿತ್ತು. ಎದುರಿಗೆ ವಿಶ್ವದ ನಂಬರ್ ಒನ್, ಅಮೆರಿಕದ ನೆಲ್ಲಿ ಕೋರ್ಡಾ. ಈ ಸಲ ಕ್ಯಾಡಿಯಾಗಿ ಜೊತೆಗಿದ್ದದ್ದು ಅಮ್ಮ ಮಾಹೇಶ್ವರಿ.

ದೂರದಲ್ಲಿ ಕಳಕೊಂಡದ್ದನ್ನು ಅದಿತಿ ಗ್ರೀನ್ ಮೇಲೆ ವಾಪಸ್ ಪಡೆದರು. 67, 66, 68, 68: ಒಟ್ಟು 269, ಪಾರ್‌ಗಿಂತ 15 ಕಡಿಮೆ. ಕೋರ್ಡಾ 267ಕ್ಕೆ ಚಿನ್ನ. ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೊ ಇಬ್ಬರೂ 268. ಅವರಿಬ್ಬರಲ್ಲಿ ಯಾರಿಗೆ ಬೆಳ್ಳಿ ಅಂತ ತೀರ್ಮಾನಿಸಲು ಪ್ಲೇಆಫ್ ಆಯ್ತು, ಬೆಳ್ಳಿ ಇನಾಮಿಗೆ ಹೋಯ್ತು. ಅದಿತಿಗೆ ನಾಲ್ಕನೇ ಸ್ಥಾನ. ನಾಲ್ಕು ದಿನ, 72 ಗುಳಿ, ಅಂತರ ಒಂದೇ ಒಂದು ಹೊಡೆತ. ಕೊನೇ ಗುಳಿಯಲ್ಲಿ ಬರ್ಡಿಗಾಗಿ ಹೊಡೆದ ಉದ್ದದ ಪಟ್ ಬೀಳಲಿಲ್ಲ.

ಅದು ಆಗಸ್ಟ್ 7, ಬೆಳಿಗ್ಗೆ. ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ತಂದರು. ದೇಶವೆಲ್ಲ ಅದೇ ಸುದ್ದಿ, ಬೆಳಗಿನದು ಹಿಂದೆ ಸರಿಯಿತು.

ಕೈಯಲ್ಲಿದ್ದದ್ದು ಜಾರಿದಾಗ

ಟೋಕಿಯೊದಲ್ಲಿ ಅದಿತಿ ಬೆನ್ನಟ್ಟಿ ಹೋದವರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರೇ ಮುಂದೆ. ಮೂರನೇ ಸುತ್ತಿನಲ್ಲಿ 61 ಹೊಡೆದು, ಕೊನೇ ದಿನಕ್ಕೆ ಏಳು ಹೊಡೆತಗಳ ಮುನ್ನಡೆ. ಚಿನ್ನ ಖಚಿತ ಅಂತ ಎಲ್ಲರೂ ಅಂದುಕೊಂಡಿದ್ದರು. ಕೊನೇ ಸುತ್ತು 77. ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಎರಡು ಹೊಡೆತದಿಂದ ಗೆದ್ದರು. ಅದಿತಿಗೆ ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಪದಕ ಅದು. ಆದರೂ ಆ ದಿನ ಅದು ಸೋಲಿನಂತೆಯೇ ಕಂಡಿತು.

ಮುಂದಿನದನ್ನು ಕಡಿಮೆ ಜನ ಗಮನಿಸಿದರು. ಆ 77 ಬಂದದ್ದು ಅಕ್ಟೋಬರ್ 1ಕ್ಕೆ. ನವೆಂಬರ್ ಮುಗಿಯುವ ಮೊದಲೇ ಅದಿತಿ ಸ್ಪೇನ್ ಓಪನ್ ಗೆದ್ದಿದ್ದರು. ವರ್ಷದ ಶುರುವಿನಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದದ್ದೂ ಸೇರಿ, ಯುರೋಪಿಯನ್ ಟೂರಿನಲ್ಲಿ ಅದು ಐದನೇ ಪ್ರಶಸ್ತಿ.

ನಮಗೇನು?

ಎಂಜಿನಿಯರಿಂಗ್ ಓದುವ ನಮಗೆ ಇದರಲ್ಲಿ ಎರಡು ಪಾಠ ಕಾಣುತ್ತದೆ.

ಒಂದು, ಒಟ್ಟು ಲೆಕ್ಕವನ್ನು ಬಿಡಿಸಿ ನೋಡುವುದು. ಎಲ್ಲರೂ ಮೆಚ್ಚುವುದು ದೂರದ ಹೊಡೆತವನ್ನು. ಆದರೆ ಅರ್ಧ ಅಂಕ ಇರೋದು ಪಟ್‌ನಲ್ಲಿ. ತನ್ನಲ್ಲಿ ಬಲ ಕಡಿಮೆ ಅಂತ ಕೊರಗದೆ, ಅಂಕ ಎಲ್ಲಿ ಉಂಟೋ ಅಲ್ಲಿ ಅದಿತಿ ಕೈ ಪಳಗಿಸಿಕೊಂಡರು. ನಮ್ಮಲ್ಲೂ ಹಾಗೇ. ಕೋಡಿಂಗ್‌ನಲ್ಲಿ ಪಕ್ಕದವ ನಮಗಿಂತ ಚುರುಕಾಗಿರಬಹುದು. ಡ್ರಾಯಿಂಗ್ ಅಚ್ಚುಕಟ್ಟಾಗಿ ಮಾಡೋದು, ಲ್ಯಾಬ್ ರೀಡಿಂಗ್ ಸರಿಯಾಗಿ ತೆಗೆಯೋದು, ಮಾಡಿದ್ದನ್ನು ನಾಲ್ಕು ಜನರಿಗೆ ಬಿಡಿಸಿ ಹೇಳೋದು, ಇವಕ್ಕೂ ಪ್ರಾಜೆಕ್ಟಿನಲ್ಲಿ ಅಷ್ಟೇ ತೂಕ ಉಂಟು.

ಎರಡು, ಒಂದು ಅಂಕದಲ್ಲಿ ತಪ್ಪಿದ ಫಲಿತಾಂಶವನ್ನು ಓದುವ ರೀತಿ. ಒಂದು ಮಾರ್ಕಿಗೆ ಕಟ್‌ಆಫ್ ತಪ್ಪಿದ ಗೆಳೆಯರು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. “ಪರವಾಗಿಲ್ಲ ಬಿಡು” ಅಂದರೆ ಆ ನೋವು ಹೋಗುವುದಿಲ್ಲ. ಆದರೆ 269 ಅನ್ನುವುದು ಕೊನೇ ಪಟ್ ಒಂದರಿಂದ ಆದ ಸಂಖ್ಯೆಯಲ್ಲ. ಅದರ ಹಿಂದೆ ಬೇರೆ 268 ಹೊಡೆತಗಳಿವೆ. ಹೆಚ್ಚಿನವು ಸರಿಯಾಗಿಯೇ ಬಿದ್ದವು ಅಂತ ಗೊತ್ತಿದ್ದವರಿಗೆ ಮುಂದಿನ ವಾರ ಮತ್ತೆ ಕೋಲು ಹಿಡಿಯಲಿಕ್ಕೆ ಸಾಧ್ಯ.