ರಸ್ತೆ ದಾಟುವಾಗ ಗಾಡಿ ಗುದ್ದಿದರೆ: ಪರಿಹಾರ ಪಡೆಯುವ ದಾರಿ, ಹಂತ ಹಂತವಾಗಿ

ನಮ್ಮ ಚಿಕ್ಕಮ್ಮನಿಗೆ ಬೈಕು ಗುದ್ದಿದ್ದು ಸಂಜೆ ಆರೂವರೆಗೆ, ಹಾಲು ತರಲು ರಸ್ತೆ ದಾಟುವಾಗ. ಬಲಗಾಲಿನ ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು "ಏನಾಯ್ತು?" ಅಂದರು. ಗಾಬರಿಯಲ್ಲಿದ್ದ ಮಗ "ಅಮ್ಮ ರೋಡಲ್ಲಿ ಬಿದ್ಬಿಟ್ರು ಸಾರ್" ಅಂದ. ಅವರು ಅದನ್ನೇ ಬರೆದುಕೊಂಡರು. ಬೈಕಿನ ಸುದ್ದಿಯೇ ಇಲ್ಲ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಆ ಒಂದೇ ಸಾಲು ಹಿಡಿದುಕೊಂಡು ಚಿಕ್ಕಮ್ಮನನ್ನು ಅರ್ಧ ದಿನ ನಿಲ್ಲಿಸಿದರು.

ಕೇಸು ಕೊನೆಗೆ ನಮ್ಮ ಕಡೆಗೇ ಆಯಿತು. ಆದರೆ ಆ ಓಡಾಟದಲ್ಲಿ ನನಗೆ ತಿಳಿದದ್ದು ಇಷ್ಟು: ಮೋಟಾರು ವಾಹನ ಕಾಯಿದೆ ನಡೆದು ಹೋಗುವವರ ಪರವಾಗಿಯೇ ಇದೆ, ಕೈಕೊಡುವುದು ಕಾಗದ. ಅದೂ ಮೊದಲ ಹತ್ತು ದಿನದ ಕಾಗದ. ಹಾಗಾಗಿ ಮೊದಲ ಹಂತಗಳನ್ನೇ ಇಲ್ಲಿ ಹೆಚ್ಚು ಹಿಗ್ಗಿಸಿ ಬರೆದಿದ್ದೇನೆ.

ಹಂತ 1: ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು

ಮೊದಲು ಜೀವ. 108ಕ್ಕೋ 112ಕ್ಕೋ ಫೋನ್ ಮಾಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರನ್ನು ಪೊಲೀಸರು ಸಾಕ್ಷಿಯಾಗಲೇಬೇಕೆಂದು ಬಲವಂತ ಮಾಡುವಂತಿಲ್ಲ. ಅವರ ಫೋನ್ ನಂಬರ್ ಮಾತ್ರ ನೀವು ಕೇಳಿ ಇಟ್ಟುಕೊಳ್ಳಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನಿಗದಿತ ಆಸ್ಪತ್ರೆಗಳಲ್ಲಿ ಅವಕಾಶವಿದೆ. ಆಸ್ಪತ್ರೆಯವರು ತಾವಾಗಿ ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ.

ಡಾಕ್ಟರು "ಏನಾಯ್ತು" ಎಂದಾಗ ನಾಲ್ಕು ಸಂಗತಿ ಹೇಳಿ: ಯಾವ ಗಾಡಿ, ಅದರ ನಂಬರ್, ಎಲ್ಲಿ, ಎಷ್ಟು ಹೊತ್ತಿಗೆ. ನಂಬರ್ ಗೊತ್ತಿಲ್ಲದಿದ್ದರೂ "ಬೈಕ್ ಗುದ್ದಿತು" ಎಂಬ ಮಾತು ದಾಖಲೆಗೆ ಬರಲೇಬೇಕು. ಈ ದಾಖಲೆಯನ್ನೇ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎನ್ನುತ್ತಾರೆ. ಆಸ್ಪತ್ರೆ ಇದನ್ನು ಠಾಣೆಗೆ ತಿಳಿಸುತ್ತದೆ. ಬರೆದದ್ದನ್ನು ಒಮ್ಮೆ ಓದಿಸಿ ಕೇಳಿ. ತಪ್ಪಿದ್ದರೆ ಅಂದೇ, ತಪ್ಪಿದರೆ ಮರುದಿನವೇ, ಆಸ್ಪತ್ರೆಗೆ ಒಂದು ಪತ್ರ ಕೊಟ್ಟು ಅದರ ನಕಲಿಗೆ ಸೀಲು ಹಾಕಿಸಿಕೊಳ್ಳಿ. ನಮ್ಮನ್ನು ಉಳಿಸಿದ್ದು ಅಂಥದೊಂದು ಸೀಲು. ಮೂರನೇ ದಿನ ನೆರೆಮನೆಯ ನಿವೃತ್ತ ಗುಮಾಸ್ತರೊಬ್ಬರು ಬೈದು ಬರೆಸಿದ ಪತ್ರ ಅದು.

ಹಂತ 2: ಠಾಣೆ

ಗುದ್ದಿದವನು ಸಾಮಾನ್ಯವಾಗಿ ಒಳ್ಳೆಯವನೇ ಆಗಿರುತ್ತಾನೆ. ಆಸ್ಪತ್ರೆಗೂ ಬರುತ್ತಾನೆ. "ಅಕ್ಕಾ, ಕೇಸ್ ಬೇಡ, ಪೂರ್ತಿ ಖರ್ಚು ನಂದೇ" ಎನ್ನುತ್ತಾನೆ. ಎಕ್ಸ್‌ರೇ ದುಡ್ಡು ಕೊಡುತ್ತಾನೆ, ಒಂದು ದಿನ ಎಳನೀರು ತರುತ್ತಾನೆ. ಆಪರೇಷನ್‌ಗೆ ಎಷ್ಟಾಗುತ್ತದೆ ಎಂದು ಡಾಕ್ಟರು ಹೇಳಿದ ದಿನದಿಂದ ಅವನ ಫೋನು ಸ್ವಿಚ್ ಆಫ್. ಅವನ ಮೇಲೆ ಕರುಣೆಯಿದ್ದರೆ ಒಂದು ಮಾತು ಅರ್ಥಮಾಡಿಸಿ: ಗಾಡಿಗೆ ಚಾಲ್ತಿ ವಿಮೆಯಿದ್ದು, ಅವನ ಲೈಸೆನ್ಸ್ ಸರಿಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಅವನಲ್ಲ.

ಗಾಯಾಳು ಹೋಗಲಾಗದಿದ್ದರೆ ಮನೆಯವರು ದೂರು ಕೊಡಬಹುದು. 2024ರ ಜುಲೈ 1ರಿಂದ ಇಂಥ ಪ್ರಕರಣಗಳು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳಲ್ಲಿ ದಾಖಲಾಗುತ್ತವೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಆಸ್ಪತ್ರೆ ಓಡಾಟದಲ್ಲಿ ತಡವಾಗಿದ್ದರೆ ಆ ಕಾರಣವನ್ನು ದೂರಿನಲ್ಲೇ ಬರೆಯಿರಿ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ಅರ್ಜಿಯನ್ನು ಅನುಮಾನಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗೆಂದು ತಡಮಾಡಲು ಅದೇ ನೆಪವಾಗಬಾರದು.

ಸ್ಥಳ ಮಹಜರಿನ ದಿನ ಮನೆಯವರೊಬ್ಬರು ಅಲ್ಲಿರಿ. ಪೇದೆಯೊಬ್ಬರು ಬಿಳಿ ಹಾಳೆಯ ಮೇಲೆ ರಸ್ತೆಯ ಎರಡು ಗೆರೆ ಎಳೆದು, ಅಗಲ ಎಷ್ಟು ಅಡಿ ಎಂದು ಬರೆದು, ಗುದ್ದಿದ ಜಾಗಕ್ಕೊಂದು ಗುರುತು ಹಾಕುತ್ತಾರೆ. ಆ ಗುರುತು ರಸ್ತೆಯ ಅಂಚಿನಲ್ಲಿದೆಯೋ ನಡುಮಧ್ಯದಲ್ಲಿದೆಯೋ ಎಂಬುದರ ಮೇಲೆ, ತಪ್ಪು ಯಾರದು ಎಂಬ ವಾದ ಮುಂದೆ ನಿಲ್ಲುತ್ತದೆ. ನಡೆಯುವವರದೂ ತಪ್ಪಿದೆ ಎಂದು ಕೋರ್ಟಿಗೆ ಅನ್ನಿಸಿದರೆ ಅಷ್ಟು ಪಾಲು ಪರಿಹಾರದಲ್ಲಿ ಕಡಿತ. ಎದುರಿನ ಅಂಗಡಿಗೆ ಸಿಸಿಟಿವಿ ಇದ್ದರೆ ಅಂದೇ ನೋಡಿ. ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ. ದೃಶ್ಯವನ್ನು ವಶಕ್ಕೆ ತೆಗೆದುಕೊಳ್ಳಿ ಎಂದು ಪೊಲೀಸರಿಗೆ ಬರವಣಿಗೆಯಲ್ಲಿ ಕೊಡಿ.

2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಆ ವಿವರ ವರದಿಯನ್ನೇ ನ್ಯಾಯಮಂಡಳಿ ಪರಿಹಾರ ಅರ್ಜಿಯಾಗಿ ಪರಿಗಣಿಸಬಹುದು. ಅದನ್ನೇ ನಂಬಿ ಕೂರುವುದು ಮಾತ್ರ ಜಾಣತನವಲ್ಲ.

ಹಂತ 3: ದುಡ್ಡು ಕೊಡಬೇಕಾದವರು ಯಾರು?

ಗಾಡಿ ನಂಬರ್ ಸಿಕ್ಕರೆ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ ಯಾವ ತಾರೀಖಿನವರೆಗೆ ಇದೆ ಎಂದು ನೋಡಬಹುದು. ವಿಮೆ ಇದ್ದರೆ ಮಾಲೀಕ ಮತ್ತು ವಿಮಾ ಕಂಪನಿ ಇಬ್ಬರೂ ಎದುರುದಾರರು. ಸವಾರನಿಗೆ ಲೈಸೆನ್ಸ್ ಇಲ್ಲದಿದ್ದರೆ, ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾಗುವುದುಂಟು. ವಿಮೆಯೇ ಇಲ್ಲದಿದ್ದರೆ ಪೂರ್ತಿ ಹೊಣೆ ಮಾಲೀಕನದು; ಅಲ್ಲಿ ಗೆದ್ದರೂ ವಸೂಲಿ ಕಷ್ಟ. ಸರ್ಕಾರಿ ಬಸ್ಸಾದರೆ ಸಾರಿಗೆ ನಿಗಮವೇ ಎದುರುದಾರ.

ಈಗಿನ ಹೊಸ ತಲೆನೋವು ಬ್ಯಾಟರಿ ಸ್ಕೂಟರ್. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮುಟ್ಟದ ಬ್ಯಾಟರಿ ಗಾಡಿ ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟಿಲ್ಲ, ವಿಮೆಯೂ ಕಡ್ಡಾಯವಿಲ್ಲ. ಗುದ್ದಿದರೆ ಮೂಳೆ ಮಾತ್ರ ಅಷ್ಟೇ ಮುರಿಯುತ್ತದೆ.

ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಬೇರೆ ದಾರಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಇದೆ. ಇದಕ್ಕೆ ಕೋರ್ಟ್ ಬೇಡ. ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರರ ಮಟ್ಟದಲ್ಲಿ ಅರ್ಜಿ, ಜಿಲ್ಲಾಧಿಕಾರಿಯಿಂದ ಮಂಜೂರಾತಿ. ಇಂಥ ಹೊತ್ತಿನಲ್ಲೇ ಯಾರಾದರೂ ಬಂದು "ವಿಮೆ ಇರೋ ಬೇರೆ ಗಾಡಿ ಹಾಕ್ಸೋಣ, ನಮ್ಮ ಹುಡುಗ ಒಪ್ಕೋತಾನೆ" ಎಂದು ಕಿವಿಯಲ್ಲಿ ಊದುವುದು. ಅವರನ್ನು ಬಾಗಿಲಿನಾಚೆಗೇ ಕಳಿಸಿ. ಸುಳ್ಳು ಬಯಲಾದರೆ ಪರಿಹಾರವೂ ಹೋಯಿತು, ಗಾಯಾಳುವೇ ಆರೋಪಿಯೂ ಆದ.

ಹಂತ 4: ಒಂದು ಬಟ್ಟೆ ಚೀಲ

ಎಲ್ಲ ಕಾಗದ ಒಂದೇ ಚೀಲದಲ್ಲಿರಲಿ: ಎಫ್‌ಐಆರ್, ದೂರು, ಮಹಜರು, ಸ್ಥಳ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಫಿಲ್ಮ್, ಔಷಧಿ ಚೀಟಿ, ಬಿಲ್ಲು. ಚೀಟಿ ಇಲ್ಲದ ಬಿಲ್ಲಿಗೆ ಬೆಲೆ ಕಮ್ಮಿ, ಹಾಗಾಗಿ ಎರಡನ್ನೂ ಒಟ್ಟಿಗೆ ಪಿನ್ ಮಾಡಿ. ಬಿಲ್ಲಿನ ಮಸಿ ವರ್ಷದೊಳಗೆ ಮಾಸಿಹೋಗುತ್ತದೆ. ಜೆರಾಕ್ಸ್ ಮಾಡಿಸಿ ಅಸಲಿನ ಜೊತೆಗಿಡಿ. ಡ್ರೆಸ್ಸಿಂಗಿಗೆ ಹೋಗಿಬಂದ ಆಟೋಗೆ ರಸೀದಿ ಇರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ.

ಆದಾಯದ ದಾಖಲೆ ಬಹಳ ಮಂದಿಗೆ ಇರುವುದಿಲ್ಲ. ಆಗ ಕರ್ನಾಟಕದ ಕೋರ್ಟುಗಳು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ನೋಡುತ್ತವೆ. ಚಿಕ್ಕಮ್ಮ ಮನೆಯಲ್ಲೇ ರವಿಕೆ ಹೊಲಿಯುವವರು. ಗಿರಾಕಿಗಳ ಅಳತೆ, ತಾರೀಖು, ಮುಂಗಡ ಬರೆದಿಟ್ಟ ಎಣ್ಣೆಜಿಡ್ಡಿನ ಪುಸ್ತಕವೇ ನಮ್ಮ ಆದಾಯದ ಸಾಕ್ಷಿಯಾಯಿತು.

ಹಂತ 5: ವಕೀಲರು

ವಾರ್ಡಿನ ಬಾಗಿಲಲ್ಲಿ ವಿಸಿಟಿಂಗ್ ಕಾರ್ಡ್ ಕೊಟ್ಟು "ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್" ಎನ್ನುವವರಿಗೆ ಖಾಲಿ ಹಾಳೆಗೆ ಸಹಿ ಮಾಡಿಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೊಠಡಿ ಇರುತ್ತದೆ, ಸಹಾಯವಾಣಿ 15100.

ಹಂತ 6: ಅರ್ಜಿ ಹಾಕುವುದು

ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ ಎಂದರೆ ಬೇರೆ ಕಟ್ಟಡವೇನಲ್ಲ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ, ಉಳಿದೆಡೆ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳೇ ಈ ಕೆಲಸ ಮಾಡುತ್ತವೆ. ಅರ್ಜಿಗೆ ಎಂವಿಸಿ ನಂಬರ್ ಬೀಳುತ್ತದೆ. ಅಪಘಾತವಾದ ಊರಲ್ಲೇ ಹಾಕಬೇಕೆಂದಿಲ್ಲ. ನೀವು ವಾಸವಿರುವ ಊರಿನಲ್ಲೂ ಹಾಕಬಹುದು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು ಗಾಯಗೊಂಡು ಯಾದಗಿರಿಗೆ ಮರಳಿದವರು ಪ್ರತಿ ವಾಯಿದೆಗೂ ರೈಲು ಹತ್ತಬೇಕಿಲ್ಲ.

ಗಡುವು: ಅಪಘಾತದಿಂದ 6 ತಿಂಗಳು. 2022ರ ಏಪ್ರಿಲ್‌ನಿಂದ ಬಂದ ಈ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ, ಆದರೆ ಆ ವಾದದ ಫಲ ನಿಮ್ಮ ಕೇಸಿನ ಮೇಲೆ ಪ್ರಯೋಗವಾಗುವುದು ಬೇಡ. ಗಾಯ ವಾಸಿಯಾಗಲಿ, ಆಮೇಲೆ ನೋಡೋಣ ಎನ್ನುವ ನಮ್ಮ ಜನರ ಸ್ವಭಾವಕ್ಕೆ ಈ ಆರು ತಿಂಗಳು ಬಹಳ ಚಿಕ್ಕದು.

ದಾರಿ ಎರಡಿವೆ. 164ನೇ ಕಲಮಿನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ, ತೀವ್ರ ಗಾಯಕ್ಕೆ 2.5 ಲಕ್ಷ ನಿಗದಿ. 166ರಲ್ಲಿ ಸವಾರನ ನಿರ್ಲಕ್ಷ್ಯ ತೋರಿಸಬೇಕು, ಮೊತ್ತಕ್ಕೆ ಮಿತಿಯಿಲ್ಲ. ವಿಮಾ ಕಂಪನಿ ಮುಂದಿಟ್ಟ 164ರ ಮೊತ್ತ ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ಶಾಶ್ವತ ಊನ ಉಳಿಯುವ ಲಕ್ಷಣ ಇದ್ದರೆ ಲೆಕ್ಕ ಹಾಕದೆ ಸಹಿ ಮಾಡಬೇಡಿ.

ಹಂತ 7: ಲೆಕ್ಕ

ನೋವು ಮತ್ತು ಸಂಕಟ, ಚಿಕಿತ್ಸೆ ಖರ್ಚು, ಆಹಾರ ಮತ್ತು ನೋಡಿಕೊಂಡವರ ಖರ್ಚು, ಮಲಗಿದ್ದ ತಿಂಗಳುಗಳ ಸಂಪಾದನೆ, ಮುಂದಿನ ಆಪರೇಷನ್, ಬದುಕಿನ ಸುಖ ಕಳೆದದ್ದು, ಹೀಗೆ ಬೇರೆ ಬೇರೆ ತಲೆಬರಹದಲ್ಲಿ ಕೇಳುತ್ತಾರೆ. ಕಾಲಿಗೆ ರಾಡು ಹಾಕಿದ್ದರೆ ಅದನ್ನು ತೆಗೆಯುವ ಖರ್ಚಿನ ಅಂದಾಜನ್ನು ಈಗಲೇ ಬರೆಸಿಕೊಡಿ.

ದೊಡ್ಡ ಮೊತ್ತ ಮುಂದಿನ ಸಂಪಾದನೆಯ ನಷ್ಟದ್ದು. ತಿಂಗಳ ಆದಾಯ, ಅದಕ್ಕೆ 12, ಅದಕ್ಕೆ ವಯಸ್ಸಿನ ಗುಣಕ, ಅದರಲ್ಲಿ ಊನದ ಶೇಕಡಾವಾರು. ಗುಣಕವನ್ನು 2009ರ ಸರಳಾ ವರ್ಮಾ ತೀರ್ಪು ನಿಗದಿ ಮಾಡಿದೆ: 26ರಿಂದ 30 ವರ್ಷಕ್ಕೆ 17, 41ರಿಂದ 45ಕ್ಕೆ 14, 56ರಿಂದ 60ಕ್ಕೆ 9.

ಚಿಕ್ಕಮ್ಮನಿಗೆ ಆಗ 44. ಆದಾಯ 15,000 ಎಂದು ಹಿಡಿದರು. ಬಲಗಾಲಿಗೆ ಶೇ. 42 ಊನ ಎಂದು ಡಾಕ್ಟರು ಹೇಳಿದರು. ಒಂದು ಕಾಲಿನ ಊನವನ್ನು ಇಡೀ ದೇಹಕ್ಕೆ ಇಳಿಸುವಾಗ ಸುಮಾರು ಮೂರನೇ ಒಂದು ಪಾಲು ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅಂದರೆ ಶೇ. 14, ಮೊತ್ತ 3,52,800. ನಮ್ಮ ವಕೀಲರು ಅಲ್ಲಿಗೆ ಬಿಡಲಿಲ್ಲ. "ಈಕೆ ಹೊಲಿಗೆ ಯಂತ್ರದ ಪೆಡಲ್ ಒತ್ತುವುದು ಇದೇ ಪಾದದಿಂದ" ಎಂದರು. ಊನವನ್ನು ದೇಹಕ್ಕಲ್ಲ, ದುಡಿಮೆಗೆ ಹೋಲಿಸಿ ಅಳೆಯಬೇಕೆಂದು 2010ರ ರಾಜ್‌ಕುಮಾರ್ ತೀರ್ಪು ಹೇಳುತ್ತದೆ. ಕೈ ಕಳೆದುಕೊಂಡ ಗುಮಾಸ್ತನಿಗೂ ಬಡಗಿಗೂ ನಷ್ಟ ಒಂದೇ ಅಲ್ಲ. ನ್ಯಾಯಾಧೀಶರು ಶೇ. 20 ಹಿಡಿದರು. ಮೊತ್ತ 5,04,000 ಆಯಿತು. ಆ ಪೆಡಲಿನ ಬೆಲೆ 1,51,200.

ಹಂತ 8: ಸಾಕ್ಷಿ ಕಟ್ಟೆ

ಗಾಯಾಳು ಅಫಿಡವಿಟ್ ಕೊಟ್ಟು ಪಾಟಿ ಸವಾಲಿಗೆ ನಿಲ್ಲಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ಅಂತರವನ್ನು ಅಡಿಗಳಲ್ಲಿ ಊಹಿಸಿ ಹೇಳಬೇಡಿ. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಇಲ್ಲಿ ಬೇಕಿಲ್ಲ. ಊನದ ಬಗ್ಗೆ, ಸಾಧ್ಯವಾದರೆ, ಆಪರೇಷನ್ ಮಾಡಿದ ಡಾಕ್ಟರೇ ಸಾಕ್ಷಿ ಹೇಳಲಿ. ಕೇಸಿಗೆಂದೇ ಒಮ್ಮೆ ನೋಡಿ ಸರ್ಟಿಫಿಕೇಟ್ ಬರೆದವರ ಮಾತಿಗೆ ತೂಕ ಕಡಿಮೆ.

ಹಂತ 9: ರಾಜಿ, ತೀರ್ಪು, ದುಡ್ಡು

ನಡುವೆ ಲೋಕ ಅದಾಲತ್‌ಗೆ ಕರೆ ಬರುತ್ತದೆ. ಬೇಗ ಮುಗಿಯುತ್ತದೆ, ಆದರೆ ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ. ಹಂತ 7ರ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕಂಪನಿ ಹೇಳಿದ ಮೊತ್ತವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ತೀರ್ಪಿನ ಮೊತ್ತ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು; ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ಬಾಗಿಲೂ ಇಲ್ಲ.

ಕಂಪನಿ ದುಡ್ಡು ಕಟ್ಟಿದ ಮೇಲೆ ಬಡ್ಡಿ ಸೇರಿ ನಿಮ್ಮ ಖಾತೆಗೆ ಬರುತ್ತದೆ. ಪಾಸ್‌ಬುಕ್ಕಿನಲ್ಲಿರುವ ಹೆಸರು ಮತ್ತು ಅರ್ಜಿಯಲ್ಲಿರುವ ಹೆಸರು ಒಂದೇ ಇರಲಿ. ನಮ್ಮದರಲ್ಲಿ "ಅಮ್ಮ" ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ, ಅದಕ್ಕೇ ಎರಡು ತಿಂಗಳು ಹೋಯಿತು. ಒಂದು ಭಾಗವನ್ನು ಕೋರ್ಟು ಕೆಲವು ವರ್ಷ ಠೇವಣಿಯಲ್ಲಿಡಲು ಹೇಳಬಹುದು. ನಿಜವಾದ ಅಗತ್ಯ ಬಂದರೆ ದಾಖಲೆ ತೋರಿಸಿ, ಅವಧಿಗೆ ಮೊದಲೇ ಬಿಡಿಸಿಕೊಡಿ ಎಂದು ಅರ್ಜಿ ಹಾಕಬಹುದು. ಚಿಕ್ಕಮ್ಮ ಹಾಕಿದ್ದರು, ಮೋಟಾರಿನಿಂದ ಓಡುವ ಹೊಲಿಗೆ ಯಂತ್ರದ ಕೊಟೇಷನ್ ಲಗತ್ತಿಸಿ.