ಕಂಪ್ಯೂಟರ್ ಆರೋಗ್ಯ ಪ್ರಶ್ನೋತ್ತರ: ಅಪ್‌ಡೇಟ್ ಆದ ಮೇಲೆ ಮಾತು ಬಿಟ್ಟ ಪ್ರಿಂಟರ್

ಪ್ರಶ್ನೆ: ಪುಣಜನೂರಿನಲ್ಲಿ ಚಿಕ್ಕದೊಂದು ಸೇವಾ ಕೇಂದ್ರ ಇಟ್ಟುಕೊಂಡಿದ್ದೇನೆ ಸರ್. ಮೊನ್ನೆ ರಾತ್ರಿ ವಿಂಡೋಸ್ ಅಪ್‌ಡೇಟ್ ಆಯಿತು. ನಡುವೆ ಕರೆಂಟೂ ಹೋಗಿ ಬಂತು. ಬೆಳಿಗ್ಗೆಯಿಂದ ವೈಫೈ ಪ್ರಿಂಟರ್ ‘ಆಫ್‌ಲೈನ್’ ಅಂತಲೇ ತೋರಿಸುತ್ತಿದೆ. ಮೊಬೈಲಿನಿಂದ ಕೊಟ್ಟರೆ ಪ್ರಿಂಟ್ ಬರುತ್ತದೆ. ಕಾಡಿನ ಪೋಡುಗಳಿಂದ (ಹಾಡಿಗಳಿಂದ) ಪಹಣಿ, ಜಾತಿ ಪ್ರಮಾಣಪತ್ರಕ್ಕೆ ಬಂದವರು ಕಾದು ವಾಪಸ್ ಹೋಗುತ್ತಿದ್ದಾರೆ. ಎರಡು ಸಲ ಡ್ರೈವರ್ ತೆಗೆದು ಹಾಕಿದ್ದಾಯಿತು. ಹೊಸ ಪ್ರಿಂಟರ್ ತರಲೇ?

ಉತ್ತರ: ತರಬೇಡಿ. ಮೊಬೈಲಿನಿಂದ ಪ್ರಿಂಟ್ ಬರುತ್ತಿದೆ ಎಂದರೆ ಪ್ರಿಂಟರೂ ಚೆನ್ನಾಗಿದೆ, ವೈಫೈಯೂ ಚೆನ್ನಾಗಿದೆ. ಕೆಟ್ಟಿರುವುದು ಕಂಪ್ಯೂಟರಿನ ಬಳಿಯಿರುವ ವಿಳಾಸ. ನೀವು ಪರೀಕ್ಷೆ ಮಾಡದೆ ಡ್ರೈವರ್ ಕಿತ್ತು ಹಾಕಿದ್ದು ನನಗೆ ಸರಿಕಾಣಲಿಲ್ಲ. ಇನ್ನು ಮುಂದೆ ಹಾಗೆ ಮಾಡಬೇಡಿ.

ಮೊದಲ ಪರೀಕ್ಷೆ: ಪ್ರಿಂಟರಿನಿಂದಲೇ ಅದರ ನೆಟ್‌ವರ್ಕ್ ವರದಿಯ ಪುಟ ತೆಗೆಯಿರಿ. ಯಾವ ಬಟನ್ ಒತ್ತಬೇಕೆಂಬುದು ಮಾದರಿಗೊಂದು. ಜೊತೆಗೆ ಬಂದ ಪುಸ್ತಕದಲ್ಲಿರುತ್ತದೆ. ಆ ಪುಟದಲ್ಲಿ ಐಪಿ ವಿಳಾಸ ಇರುತ್ತದೆ. ಅದು 169.254 ಎಂದು ಶುರುವಾಗಿದ್ದರೆ ಪ್ರಿಂಟರಿಗೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ. ನಿಮ್ಮಲ್ಲಿ ಹಾಗಾಗಿರಲಾರದು, ಮೊಬೈಲು ಕೆಲಸ ಮಾಡುತ್ತಿದೆಯಲ್ಲ. ಎರಡನೆಯದು: ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ‘ಪೋರ್ಟ್ಸ್’ ನೋಡಿ. ಅಲ್ಲಿರುವ ಸಂಖ್ಯೆ ಪುಟದಲ್ಲಿರುವುದಕ್ಕೆ ಹೊಂದದಿದ್ದರೆ ರೋಗ ಸಿಕ್ಕಿತು. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ಸಂಖ್ಯೆ ಕೊಟ್ಟಿರುತ್ತದೆ. ಮೊಬೈಲು ಪ್ರತಿ ಸಲ ಪ್ರಿಂಟರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ಕಂಪ್ಯೂಟರ್ ಹಳೆಯ ಸಂಖ್ಯೆಯನ್ನೇ ಕೂಗುತ್ತಿರುತ್ತದೆ, ಯಾರೂ ಓಗೊಡದಿದ್ದರೆ ‘ಆಫ್‌ಲೈನ್’ ಎಂದು ಬರೆದುಬಿಡುತ್ತದೆ. ಪೋರ್ಟಿನಲ್ಲಿ ‘ಡಬ್ಲ್ಯುಎಸ್‌ಡಿ’ ಎಂದಿದ್ದರೆ ಅದನ್ನು ನಂಬಬೇಡಿ. ಅಪ್‌ಡೇಟ್ ಆದ ಮೇಲೆ ಕೈಕೊಡುವುದು ಹೆಚ್ಚಾಗಿ ಅದೇ.

ಮದ್ದು ಇಷ್ಟೇ: ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಸೇರಿಸಿ ಪುಟದಲ್ಲಿರುವ ಸಂಖ್ಯೆ ಕೊಡಿ. ಆಮೇಲೆ ರೂಟರಿನ ಸೆಟ್ಟಿಂಗಿನಲ್ಲಿ ಆ ಸಂಖ್ಯೆಯನ್ನು ಪ್ರಿಂಟರಿಗೇ ಕಾಯ್ದಿರಿಸಿ. ಈ ಎರಡನೆಯ ಕೆಲಸ ಬಿಟ್ಟರೆ ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ನನಗೆ ಕಾಗದ ಬರೆಯುತ್ತೀರಿ. ಪ್ರಿಂಟ್ ಬರುತ್ತಿದ್ದರೂ ಆಫ್‌ಲೈನ್ ಎಂದೇ ತೋರಿಸಿದರೆ, ಪೋರ್ಟ್ ಕಾನ್ಫಿಗರ್‌ನಲ್ಲಿ ‘ಎಸ್‌ಎನ್‌ಎಂಪಿ’ ಎಂಬುದರ ಮುಂದಿನ ಟಿಕ್ ತೆಗೆಯಿರಿ. ಅಂಗಡಿಯಲ್ಲಿ ಒಂದು ಯುಎಸ್‌ಬಿ ಕೇಬಲ್ ಇಟ್ಟುಕೊಳ್ಳಿ. ಕಾಡುದಾರಿಯಲ್ಲಿ ನಡೆದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ತಪ್ಪುತ್ತದೆ.

ಪ್ರಶ್ನೆ: ನಾನು ಗುಂಡ್ಲುಪೇಟೆಯಲ್ಲಿ ಶಿಕ್ಷಕಿ. ಪ್ರಿಂಟರ್ ಕೆಡುವುದೇ ಅಪ್‌ಡೇಟಿನಿಂದ, ಅದನ್ನು ಶಾಶ್ವತವಾಗಿ ನಿಲ್ಲಿಸಿಬಿಡಿ ಎಂದು ನಮ್ಮ ಸಹೋದ್ಯೋಗಿ ಹೇಳುತ್ತಾರೆ. ನಿಲ್ಲಿಸಬಹುದೆ?

ಉತ್ತರ: ಖಂಡಿತ ಬೇಡ, ಅಮ್ಮ. ಈ ನಂಬಿಕೆ ಜಿಲ್ಲೆಯ ಅಂಗಡಿ ಅಂಗಡಿಗೂ ಹಬ್ಬಿದೆ, ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಪ್‌ಡೇಟಿನಿಂದ ಪ್ರಿಂಟರ್ ಕೆಟ್ಟದ್ದುಂಟು, ಸುಳ್ಳಲ್ಲ. 2021ರ ಮಾರ್ಚ್ ಅಪ್‌ಡೇಟ್ ಹಾಕಿಕೊಂಡವರಲ್ಲಿ ಕ್ಯೋಸೆರಾ, ರಿಕೋ, ಝೀಬ್ರಾ ಪ್ರಿಂಟರುಗಳಿಗೆ ಪ್ರಿಂಟ್ ಕೊಟ್ಟ ಕೆಲವರ ಕಂಪ್ಯೂಟರ್ ನೀಲಿ ಪರದೆಗೆ ಹೋಗಿ ನಿಂತುಬಿಟ್ಟಿತು. ಮೈಕ್ರೋಸಾಫ್ಟ್ ಒಂದೇ ವಾರದೊಳಗೆ ತುರ್ತು ತಿದ್ದುಪಡಿ ಕೊಟ್ಟಿತು. ಅಪ್‌ಡೇಟ್ ನಿಲ್ಲಿಸಿದವರಿಗೆ ಆ ತಿದ್ದುಪಡಿಯೂ ಸಿಗುವುದಿಲ್ಲ.

ಅದೇ ವರ್ಷದ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬಯಲಾಯಿತು. ಪ್ರಿಂಟ್ ಕೆಲಸಗಳನ್ನು ಸಾಲಾಗಿ ಇಟ್ಟುಕೊಳ್ಳುವ ‘ಸ್ಪೂಲರ್’ ಎಂಬ ಭಾಗದಲ್ಲೇ ತೂತು. ಅದರ ಮೂಲಕ ಹೊರಗಿನವರು ಇಡೀ ಕಂಪ್ಯೂಟರನ್ನು ವಶಪಡಿಸಿಕೊಳ್ಳಬಹುದಿತ್ತು. ಅದನ್ನು ಮುಚ್ಚಿದ್ದು ಜುಲೈ 6ರಿಂದ ಬಂದ ಅಪ್‌ಡೇಟುಗಳು. ನಿಮ್ಮ ಕಂಪ್ಯೂಟರಿನಲ್ಲಿ ಮಕ್ಕಳ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ವಿವರ ಎಲ್ಲ ಇರುತ್ತದೆ. ಒಂದು ಪ್ರಿಂಟಿನ ತೊಂದರೆಗೆ ಹೆದರಿ ಅವನ್ನೆಲ್ಲ ಬಯಲಿಗಿಡಬಾರದು.

ಪರೀಕ್ಷೆ ಹತ್ತಿರವಿದ್ದರೆ ಅಪ್‌ಡೇಟನ್ನು ಐದು ವಾರಗಳವರೆಗೆ ಮುಂದೂಡಲು ವಿಂಡೋಸಿನಲ್ಲೇ ಅವಕಾಶವಿದೆ. ಅಪ್‌ಡೇಟ್ ಆದ ಕೂಡಲೇ ಒಂದು ಟೆಸ್ಟ್ ಪೇಜ್ ತೆಗೆದು ನೋಡಿ. ಬಾರದಿದ್ದರೆ ಮೇಲಿನವರಿಗೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ, ಆಗಲೂ ಆಗದಿದ್ದರೆ ಆ ಒಂದು ಅಪ್‌ಡೇಟನ್ನು ಮಾತ್ರ ತೆಗೆಯಿರಿ. ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮುಂದೇನು ಎಂದು ಈಗಲೇ ಯೋಚಿಸಿ.

ಪ್ರಶ್ನೆ: ಪ್ರಿಂಟರ್ ಆಫ್‌ಲೈನ್ ಆಯಿತೆಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ‘ಸಹಾಯವಾಣಿ’ಗೆ ಫೋನ್ ಮಾಡಿದೆ. ಒಂದು ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಟ್ಟಿಸಿಕೊಂಡರು. ಪ್ರಿಂಟರ್ ಸರಿಯಾಗಲಿಲ್ಲ. ಮತ್ತೆ ಫೋನ್ ಮಾಡಲೇ? (ಚಾಮರಾಜನಗರ)

ಉತ್ತರ: ಇದನ್ನು ಓದುತ್ತಿದ್ದಂತೆಯೇ ಎದ್ದು ಕಂಪ್ಯೂಟರಿನ ಇಂಟರ್‌ನೆಟ್ ಕಡಿಯಿರಿ. ಅವರು ಹಾಕಿಸಿದ್ದು ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್. ಹತ್ತು ರೂಪಾಯಿ ಕಟ್ಟಿಸಿದ್ದು ನೀವು ಕಾರ್ಡಿನ ಸಂಖ್ಯೆ, ಪಿನ್ ಒತ್ತುವುದನ್ನು ನೋಡಲಿಕ್ಕೆ. ಬ್ಯಾಂಕಿಗೆ ತಿಳಿಸಿ, ಕಾರ್ಡ್ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪ್ರಿಂಟರಿನ ಪೆಟ್ಟಿಗೆಯ ಮೇಲೆ ಅಚ್ಚಾದ ನಂಬರ್ ಬಿಟ್ಟು ಬೇರೆ ಯಾವ ‘ಸಹಾಯವಾಣಿ’ಯನ್ನೂ ನಂಬಬೇಡಿ. ಮೋಸ ಹೋದದ್ದಕ್ಕೆ ನಾಚಿಕೊಂಡು ಸುಮ್ಮನೆ ಕೂರಬೇಡಿ, ತಪ್ಪು ನಿಮ್ಮದಲ್ಲ.

ಪ್ರಶ್ನೆ: ಹೊಸ ರೂಟರ್ ಹಾಕಿಸಿದ ಮೇಲೆ ಪ್ರಿಂಟರಿಗೆ ವೈಫೈ ಕಾಣುತ್ತಲೇ ಇಲ್ಲ. (ಕೊಳ್ಳೇಗಾಲ)

ಉತ್ತರ: ಬಹಳಷ್ಟು ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5 ಗೊತ್ತಿಲ್ಲ. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಪ್ರಿಂಟರನ್ನು 2.4ಕ್ಕೆ ಸೇರಿಸಿ.

ಓದುಗರಲ್ಲಿ ಒಂದು ವಿನಂತಿ. ಪ್ರಿಂಟರಿನ ಬಗ್ಗೆ ಬರೆಯುವವರು ಅದರ ಮಾದರಿ ಸಂಖ್ಯೆ, ವಿಂಡೋಸ್ ಯಾವುದು ಎಂಬುದು, ನೆಟ್‌ವರ್ಕ್ ವರದಿ ಪುಟದ ಫೋಟೊ, ಈ ಮೂರನ್ನೂ ಕಳಿಸಿ. ವರದಿ ನೋಡದೆ ನಾನು ಮದ್ದು ಹೇಳುವುದಿಲ್ಲ. ಆ ಪುಟದಲ್ಲಿ ವೈಫೈ ಪಾಸ್‌ವರ್ಡ್ ಅಚ್ಚಾಗಿದ್ದರೆ ಅದರ ಮೇಲೆ ಪೆನ್ನಿನಿಂದ ಗೀಚಿ ಕಳಿಸಿ.